ದಿನದ ಮೊದಲ ಸಣ್ಣ ಪಟ್

ಗಾಲ್ಫ್ ಸಭ್ಯರ ಆಟ ಎಂದು ಹೇಳಿಕೊಂಡು ತಿರುಗುವವರನ್ನು ಒಮ್ಮೆ ಕಾಲೇಜು ಹುಡುಗಿಯರ ಮ್ಯಾಚ್ ಪ್ಲೇ ನಡೆಯುವಲ್ಲಿಗೆ ಕರೆತಂದು, ಕುಳಿಯ ಸುತ್ತ ನುಣುಪಾಗಿ ಕತ್ತರಿಸಿದ ಕೊನೆಯ ಗ್ರೀನಿನ ಪಕ್ಕ ನಿಲ್ಲಿಸಬೇಕು. ಅಲ್ಲಿ ಯಾರೂ ದನಿ ಎತ್ತುವುದಿಲ್ಲ. ಯಾರೂ ಯಾರನ್ನೂ ಮುಟ್ಟುವುದಿಲ್ಲ. ಚಪ್ಪಾಳೆ ಕೂಡ ಮೆಲ್ಲಗೆ, ಅದರಲ್ಲೂ ಎದುರಾಳಿಗೊಂದು ಪಾಲು. ಇಷ್ಟೆಲ್ಲ ಮರ್ಯಾದೆಯ ನಡುವೆಯೇ ಒಬ್ಬಳು ಇನ್ನೊಬ್ಬಳ ಕತ್ತು ಕೊಯ್ಯಬಹುದು. ನೋಡಿದವರು ಎಂಥ ಒಳ್ಳೆಯ ಹುಡುಗಿ ಎಂದುಕೊಂಡು ಮನೆಗೆ ಹೋಗಬಹುದು. ಡಿಲೇನಿ ಪ್ರುವಿಟ್ ಮಾಡಿದ್ದು ಅದನ್ನೇ, ಮತ್ತು ಮಾಡಿದ್ದೇನು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ದಕ್ಷಿಣ ಜಾರ್ಜಿಯಾದ ಆಶ್‌ಮೂರ್ ಕಾಲೇಜು ಊರಿನ ಮಟ್ಟಿಗೆ ದೊಡ್ಡದು, ಗಾಲ್ಫ್ ಮಟ್ಟಿಗೆ ಸಣ್ಣದು. ಅದರ ಹುಡುಗಿಯರ ತಂಡ ಸುತ್ತಲಿನ ಕಾಲೇಜುಗಳ ಕಾನ್ಫರೆನ್ಸ್ ಕಪ್ಪನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಆ ವಸಂತದಲ್ಲಿ ಮಾತ್ರ ಏನೋ ಕೂಡಿಬಂದು, ಕೊನೆಗೆ ಉಳಿದ ನಾಲ್ಕು ತಂಡಗಳಲ್ಲಿ ಒಂದಾಗಿಬಿಟ್ಟಿತು. ಬೆಳಗ್ಗೆ ಸೆಮಿಫೈನಲ್, ಅದೇ ಮಧ್ಯಾಹ್ನ ಫೈನಲ್. ತಂಡಕ್ಕೆ ಐವರು, ಒಬ್ಬಳಿಗೆ ಎದುರು ಒಬ್ಬಳು. ಮೂವರು ಗೆದ್ದರೆ ತಂಡ ಗೆದ್ದಂತೆ. ಒಟ್ಟು ಎಷ್ಟು ಹೊಡೆತವಾಯಿತು ಎಂದು ಇಲ್ಲಿ ಕೇಳುವವರಿಲ್ಲ. ಆಟ ಹದಿನೆಂಟು ಹೋಲಿನದು, ಎಂದರೆ ಹದಿನೆಂಟು ಕುಳಿ; ಒಂದೊಂದು ಹೋಲನ್ನೂ ಯಾರು ಕಡಿಮೆ ಹೊಡೆತದಲ್ಲಿ ಮುಗಿಸುತ್ತಾರೋ ಆ ಹೋಲ್ ಅವರದು, ಅಷ್ಟೇ.

ಮ್ಯಾಚ್ ಪ್ಲೇಯಲ್ಲಿ ಇನ್ನೊಂದು ಪದ್ಧತಿಯಿದೆ. ಎದುರಾಳಿಯ ಚೆಂಡು ಕುಳಿಯ ಹತ್ತಿರ ಬಂದು ನಿಂತಾಗ, ಇನ್ನೇನು ಹೋಗಿಯೇ ಹೋಗುತ್ತದೆ ಎನ್ನಿಸಿದರೆ, ‘ಆಯ್ತು, ತಗೋ’ ಎನ್ನಬಹುದು. ಚೆಂಡು ಒಳಗೆ ಹೋಯಿತೆಂದೇ ಲೆಕ್ಕ. ಅವಳು ಎತ್ತಿಕೊಂಡು ನಡೆಯುತ್ತಾಳೆ. ಬಿಟ್ಟುಕೊಡಲೇಬೇಕೆಂದು ಯಾರೂ ಕೇಳುವ ಹಾಗಿಲ್ಲ. ಕೊಟ್ಟದ್ದನ್ನು ಬೇಡ ಎನ್ನುವ ಹಾಗೂ ಇಲ್ಲ, ಕೊಟ್ಟವರು ಹಿಂದಕ್ಕೆ ಪಡೆಯುವ ಹಾಗೂ ಇಲ್ಲ. ಏನೂ ಅನ್ನದೆ ಸುಮ್ಮನೆ ನಿಂತರೆ, ಹಾಕಿ ತೋರಿಸು ಎಂದು ಅರ್ಥ.

ಸೆಮಿಫೈನಲ್‌ನಲ್ಲಿ ಆಶ್‌ಮೂರ್‌ಗೆ ಎದುರಾದದ್ದು ಲಾಕ್‌ರಿಜ್. ಹಸಿರು ಅಂಗಿಗೆ ಎದುರು ಕಿತ್ತಳೆ ಅಂಗಿ. ಯಾರಿಗೆ ಯಾರು ಜೋಡಿ ಎಂದು ಕೋಚ್ ವರ್ನಾ ಸ್ಟಿಗಾಲ್ ಹಿಂದಿನ ಸಂಜೆ ವ್ಯಾನಿನಲ್ಲಿ ಓದಿ ಹೇಳಿದಾಗ, ಡಿಲೇನಿಯ ಪಕ್ಕ ಬಂದ ಹೆಸರು ಟೇಟಮ್ ಹಾಲ್ಕಮ್. ವ್ಯಾನಿನಲ್ಲಿದ್ದವರೆಲ್ಲ ಡಿಲೇನಿಯ ಕಡೆ ನೋಡಿದರು. ಟೇಟಮ್ ಕಳೆದ ವರ್ಷದವರೆಗೆ ಇದೇ ವ್ಯಾನಿನಲ್ಲಿ, ಡಿಲೇನಿಯ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವಳು. ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆ.

ಕೋಚ್ ಹಿಂದಕ್ಕೆ ತಿರುಗಿ, ಕಷ್ಟವಾಗುವುದಾದರೆ ಈಗಲೇ ಹೇಳು, ಜೋಡಿ ಬದಲಾಯಿಸುವ ದಾರಿ ಇದೆಯೇ ಕೇಳಿ ನೋಡುತ್ತೇನೆ ಎಂದರು. ಡಿಲೇನಿ ಏನೂ ತೊಂದರೆಯಿಲ್ಲ ಎಂದಳು. ಅವಳು ಆಗ ಸುಳ್ಳು ಹೇಳಿರಲಿಲ್ಲ.

ಟೇಟಮ್ ಆಶ್‌ಮೂರ್ ಬಿಟ್ಟು ಹೋದದ್ದಕ್ಕೆ ಜನ ಏನೇನೋ ಕಾರಣ ಕೊಟ್ಟರು. ನಿಜವಾದದ್ದು ಒಂದೇ. ಅವಳಿಗೆ ಆ ಕಾಯಿಲೆ ಬಂದಿತ್ತು. ಗಾಲ್ಫ್ ಆಡುವವರು ಅದರ ಹೆಸರು ಎತ್ತುವುದಿಲ್ಲ. ಎತ್ತಿದರೆ ಅಂಟಿಕೊಳ್ಳುತ್ತದೆ ಎಂದು ಓದಿದವರೂ ನಂಬುತ್ತಾರೆ. ‘ಅದು’ ಎನ್ನುತ್ತಾರೆ, ಬಹಳವೆಂದರೆ ‘ಕೈಯದು’ ಎನ್ನುತ್ತಾರೆ. ಮೂವತ್ತು ಅಡಿಯಿಂದ ಚೆಂಡನ್ನು ಕುಳಿಗೆ ಕಳಿಸುವ ಹುಡುಗಿ ಎರಡು ಅಡಿಯಿಂದ ಮೆಲ್ಲಗೆ ಉರುಳಿಸಬೇಕಾದ ಪಟ್ ಮುಂದೆ ನಿಂತು ನಡುಗುತ್ತಾಳೆ. ಮಣಿಕಟ್ಟು ಯಾರೋ ಜಗ್ಗಿದ ಹಾಗೆ ಒಮ್ಮೆ ಅದುರುತ್ತದೆ. ಚೆಂಡು ಎಲ್ಲೋ ಹೋಗುತ್ತದೆ. ಅದಕ್ಕೆ ಔಷಧಿಯಿಲ್ಲ. ಟೇಟಮ್ ಐವರಲ್ಲಿ ಒಬ್ಬಳಾಗಿದ್ದವಳು ಆರನೆಯವಳಾದಳು, ಆಮೇಲೆ ಪ್ರಯಾಣಕ್ಕೂ ಕರೆಯದವಳಾದಳು. ಅವಳ ಜಾಗಕ್ಕೆ ಬಂದವಳು ಡಿಲೇನಿ.

ಆ ದಿನಗಳಲ್ಲಿ ಟೇಟಮ್ ಹಾಸ್ಟೆಲ್ ಕೋಣೆಯ ಕಾರ್ಪೆಟ್ ಮೇಲೆ ಪ್ಲಾಸ್ಟಿಕ್ ಲೋಟ ಮಲಗಿಸಿಕೊಂಡು ಪಟ್ ಹೊಡೆಯುತ್ತ ಒಂದು ಮಾತು ಹೇಳಿದ್ದಳು. ತನ್ನ ಕೈಗೆ ದಿನದ ಮೊದಲ ಸಣ್ಣ ಪಟ್ ಒಂದೇ ಕಷ್ಟ. ಅದು ಬೇಗ ಬಂದು, ಹೇಗೋ ಒಳಗೆ ಹೋಗಿಬಿಟ್ಟರೆ, ಮಿಕ್ಕವು ಸರಾಗ. ತಡವಾದಷ್ಟೂ ಕೈ ಯೋಚನೆ ಮಾಡಲು ಶುರುಮಾಡುತ್ತದೆ. ಬೆಳಗ್ಗೆ ಅಭ್ಯಾಸದ ಗ್ರೀನಿನಲ್ಲಿ ನೂರು ಹಾಕಿದರೂ ಪ್ರಯೋಜನವಿಲ್ಲ. ಅವು ಲೆಕ್ಕಕ್ಕಿಲ್ಲ ಎನ್ನುವುದು ಕೈಗೆ ಗೊತ್ತು. ಇದನ್ನು ಕೋಚ್‌ಗೂ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. ಡಿಲೇನಿ ಮಂಚದ ಮೇಲೆ ಕೂತು ಕಡಲೆಬೆಣ್ಣೆ ಬಿಸ್ಕತ್ತು ತಿನ್ನುತ್ತ, ಉರುಳಿಬಂದ ಚೆಂಡನ್ನು ಕಾಲಲ್ಲಿ ಹಿಂದಕ್ಕೆ ತಳ್ಳುತ್ತ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಸೆಮಿಫೈನಲ್ ದಿನ ಬೆಳಗ್ಗೆ, ಮೊದಲ ಹೊಡೆತ ಹೊಡೆಯುವ ಜಾಗವಾದ ಮೊದಲ ಟೀ ಹತ್ತಿರ, ಟೇಟಮ್ ಕಿತ್ತಳೆ ಅಂಗಿಯಲ್ಲಿ ನಿಂತಿದ್ದಳು. ಇಬ್ಬರೂ ಅಪ್ಪಿಕೊಂಡರು. ಲಾಕ್‌ರಿಜ್‌ಗೆ ಹೋದ ಮೇಲೆ ಅವಳ ಆಟ ಕುದುರಿತ್ತು. ಎಲ್ಲರೂ ಅದನ್ನೇ ಹೇಳುತ್ತಿದ್ದರು. ಗಾಲ್ಫ್ ಚೀಲದ ತಳ್ಳುಗಾಡಿಗಳನ್ನು ನೂಕಿಕೊಂಡು ಇಬ್ಬರೂ ಪೈನ್ ಮರಗಳ ನಡುವೆ ಹೊರಟಾಗ, ಮುಖಕ್ಕೆ ಮುತ್ತುವ ಗುಂಗುರುಗಳನ್ನು ಕೈಯಲ್ಲಿ ಓಡಿಸುತ್ತ, ಟೇಟಮ್ ಹಳೆಯ ಹಾಗೆಯೇ ರೇಗಿಸಿದಳು.

“ನನ್ ಮಂಚದಲ್ಲಿ ಈಗ ಯಾರು ಮಲಗ್ತಾರೆ?”

“ನನ್ ಬಟ್ಟೆ ಮಲಗುತ್ತೆ.”

“ಥೂ, ಒಗೆಯೋದು ಇನ್ನೂ ಕಲ್ತಿಲ್ವ ನೀನು.”

ಮೊದಲ ಗ್ರೀನಿನಲ್ಲಿ ಟೇಟಮ್‌ಳ ಚೆಂಡು ಕುಳಿಯಿಂದ ಎರಡು ಅಡಿಯಾಚೆ ನಿಂತಿತು. ಡಿಲೇನಿ ಹಿಂದುಮುಂದು ನೋಡದೆ ‘ಆಯ್ತು, ತಗೋ’ ಎಂದಳು. ಅದು ಪ್ರೀತಿಯಿಂದಲೇ ಬಂದ ಮಾತು. ಗೆಳತಿ ನಡುಗುವುದನ್ನು ನೋಡುವುದು ಬೇಡ ಎಂದಷ್ಟೇ ಅವಳ ಮನಸ್ಸಿನಲ್ಲಿತ್ತು. ಎರಡನೆಯದರಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಹೋಲಿನಿಂದ ಹೋಲಿಗೆ ಜೊತೆಗೆ ಬರುತ್ತಿದ್ದ ಟೇಟಮ್‌ಳ ತಾಯಿ, ಹುಡುಗಿಯರೆಲ್ಲ ಮಿಸ್ ರೋಂಡಾ ಎನ್ನುವವಳು, ನೆರಳಿನಲ್ಲಿ ಮಡಚುಕುರ್ಚಿ ಹಾಕಿಕೊಂಡು ಕೂತಲ್ಲಿಂದಲೇ ಡಿಲೇನಿಗೆ ಕೈಬೀಸಿದಳು.

ಏಳನೆಯ ಹೋಲಿನ ಹತ್ತಿರ ಡಿಲೇನಿ ಗಮನಿಸಿದಳು: ಟೇಟಮ್ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಿದ್ದಳು. ಕೋಣೆಯಲ್ಲಿ ಲೋಟದ ಮುಂದೆ ನಿಂತಾಗಲೂ ಹಾಗೆಯೇ ಮಾಡುತ್ತಿದ್ದಳು. ಆವತ್ತು ಅವಳಿಗೆ ಇನ್ನೂ ಒಂದೂ ಸಣ್ಣ ಪಟ್ ಹಾಕಲು ಸಿಕ್ಕಿರಲಿಲ್ಲ. ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಮುಗಿದ ಗ್ರೀನಿನಲ್ಲಿ ಸುಮ್ಮನೆ ಒಂದು ಹೊಡೆದು ನೋಡಲು ಆ ಟೂರ್ನಿಯಲ್ಲಿ ಅವಕಾಶವಿರಲಿಲ್ಲ. ಡಿಲೇನಿಯ ತಲೆಯೊಳಗೆ ಯಾರೋ ಬಂದು ಕೂತ ಹಾಗಾಯಿತು. ಆ ಮೇಲೆ ಅವಳು ಬಿಟ್ಟುಕೊಟ್ಟ ಒಂದೊಂದು ಪಟ್ಟೂ ಬೇರೆ ಜಾತಿಯದು. ಎಂಟನೆಯದು ಪ್ರೀತಿಯಿಂದಲೇ, ಒಂಬತ್ತನೆಯದು ಏನೋ ಗೊತ್ತಿಲ್ಲ, ಹನ್ನೆರಡನೆಯದರ ಹೊತ್ತಿಗೆ ಮಾತ್ರ, ಟೇಟಮ್ ಹಾಕಬೇಕಾದ ಮೊದಲ ಸಣ್ಣ ಪಟ್ಟನ್ನು ತಾನು ತಡಮಾಡುತ್ತಿದ್ದೇನೆಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಮೂರು ಅಡಿಯಷ್ಟು ಇದ್ದದ್ದನ್ನೂ ಬಿಟ್ಟುಕೊಟ್ಟಳು. ಅದನ್ನು ನೋಡಿ ಕೋಚ್ ಹತ್ತಿರ ಬಂದು, ಅಷ್ಟು ಧಾರಾಳ ಬೇಡ ಮಗಳೇ ಎಂದು ಕಿವಿಯಲ್ಲಿ ಹೇಳಿದರು. ಡಿಲೇನಿ, ನನಗೆ ಗೊತ್ತು ಬಿಡಿ ಕೋಚ್ ಎಂದಳು. ಹಾಗೆಂದದ್ದು ಅವಳಿಗೆ ಆಮೇಲೆ ಎಷ್ಟು ಸಲ ನೆನಪಾಯಿತೋ.

ಹದಿನೇಳು ಹೋಲ್ ಮುಗಿದರೂ ಇಬ್ಬರೂ ಸಮ. ಅಷ್ಟರಲ್ಲಿ ಉಳಿದ ನಾಲ್ಕು ಜೋಡಿಗಳ ಆಟ ಮುಗಿದಿತ್ತು. ಕ್ಯಾಪ್ಟನ್ ಮಾರಿಸೋಲ್ ಗೆದ್ದಿದ್ದಳು, ಇನ್ನೊಬ್ಬಳೂ ಗೆದ್ದಿದ್ದಳು, ಇಬ್ಬರು ಸೋತಿದ್ದರು. ಎಲ್ಲರೂ ಕೊನೆಯ ಗ್ರೀನಿನ ಸುತ್ತ ಹುಲ್ಲಿನ ಮೇಲೆ ಬಂದು ಕೂತರು. ಮಾರಿಸೋಲ್‌ಗೆ ಇದು ಕಾಲೇಜಿನ ಕೊನೆಯ ವರ್ಷ. ಅವಳು ಮೊಣಕಾಲು ತಬ್ಬಿಕೊಂಡು ಕೂತು ಡಿಲೇನಿಯನ್ನೇ ನೋಡುತ್ತಿದ್ದಳು.

ಡಿಲೇನಿ ನಾಲ್ಕು ಹೊಡೆತದಲ್ಲಿ ಮುಗಿಸಿದಳು. ಟೇಟಮ್ ದೂರದಿಂದ ಹೊಡೆದ ಮೂರನೆಯದು ಕುಳಿಯನ್ನು ದಾಟಿ ಎರಡೂವರೆ ಅಡಿ ಆಚೆ ಹೋಗಿ ನಿಂತಿತು. ಇದನ್ನು ಹಾಕಿದರೆ ಮತ್ತೆ ಸಮ; ಇನ್ನೊಂದು ಹೋಲ್ ಆಡಬೇಕು. ಟೇಟಮ್ ಚೆಂಡಿನ ಹತ್ತಿರ ನಡೆದುಬಂದಳು. ಬರುತ್ತ, ಬೇಕೆಂದೇನೂ ಅಲ್ಲ, ಬೆಳಗ್ಗೆಯಿಂದ ಆದ ಅಭ್ಯಾಸದಿಂದ, ಒಮ್ಮೆ ತಲೆಯೆತ್ತಿ ಡಿಲೇನಿಯ ಕಡೆ ನೋಡಿದಳು.

ಡಿಲೇನಿ ಬಗ್ಗಿ ತನ್ನ ಚೆಂಡನ್ನು ಟವೆಲಿನಿಂದ ಒರೆಸಿದಳು. ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು. ಏನೂ ಹೇಳಲಿಲ್ಲ.

ಟೇಟಮ್ ಹೊಡೆದ ಶಬ್ದ ಕೇಳಿದಾಗಲೇ ಗೊತ್ತಾಗಿತ್ತು. ಚೆಂಡು ಕುಳಿಯ ಬಲ ಅಂಚನ್ನೂ ಸರಿಯಾಗಿ ಮುಟ್ಟಲಿಲ್ಲ. ಸುತ್ತ ಕೂತವರು ಅಯ್ಯೋ ಎಂದರು, ಹಸಿರು ಅಂಗಿಯವರು ಕೂಡ. ಟೇಟಮ್ ಟೋಪಿ ತೆಗೆದು, ಪದ್ಧತಿಯ ಪ್ರಕಾರ ಕೈ ಚಾಚಿಕೊಂಡು ಬಂದಳು. ಚೆನ್ನಾಗಿ ಆಡಿದೆ ಕಣೇ ಎಂದಳು. ಅವಳ ಕೈ ತಣ್ಣಗಿತ್ತು, ಮತ್ತು ಇನ್ನೂ ಸಣ್ಣಗೆ ನಡುಗುತ್ತಿತ್ತು. ಆ ನಡುಕ ತನ್ನ ಅಂಗೈಗೆ ಸಿಕ್ಕ ಕ್ಷಣ ಡಿಲೇನಿ ಕೈ ಹಿಂದಕ್ಕೆಳೆದುಕೊಂಡಳು. ಅಷ್ಟರಲ್ಲಿ ಮಾರಿಸೋಲ್ ಓಡಿಬಂದು ಅವಳನ್ನು ಎತ್ತಿ ಸುತ್ತಿಸಿದಳು.

ಕೊನೆಯ ಹೋಲಿನಲ್ಲಿ ಸುಮ್ಮನಿದ್ದದ್ದು ತಪ್ಪಲ್ಲ. ಆ ಜಾಗದಲ್ಲಿ ದೇವರೇ ಆಡುತ್ತಿದ್ದರೂ ಸುಮ್ಮನಿರುತ್ತಿದ್ದ. ಊಟದ ಟೆಂಟಿನವರೆಗೆ ನಡೆಯುತ್ತ ಡಿಲೇನಿ ತನಗೆ ತಾನೇ ಇದನ್ನು ಹತ್ತು ಬಗೆಯಲ್ಲಿ ಹೇಳಿಕೊಂಡಳು. ಹೇಳಿಕೊಂಡಷ್ಟೂ ಹನ್ನೆರಡನೆಯ ಹೋಲ್ ಬಂದು ಎದುರಿಗೆ ನಿಲ್ಲುತ್ತಿತ್ತು. ಕೊಡದೆ ಇದ್ದದ್ದರಲ್ಲಿ ಪಾಪವಿರಲಿಲ್ಲ, ಕೊಟ್ಟದ್ದರಲ್ಲಿ ಇತ್ತು. ಇದನ್ನು ಯಾರ ಹತ್ತಿರ ಹೇಳುವುದು? ಹೇಳಿದರೆ ಯಾರಿಗೆ ಅರ್ಥವಾಗುತ್ತದೆ? ಬಿಟ್ಟುಕೊಟ್ಟೆ ಎಂದು ಅಳುವವಳನ್ನು ಜನ ಹುಚ್ಚಿ ಎನ್ನುತ್ತಾರೆ.

ಲಾಕ್‌ರಿಜ್‌ನವರ ವ್ಯಾನ್ ಹೊರಟುಹೋಯಿತು. ಟೇಟಮ್ ಹೋಗಲಿಲ್ಲ. ಅವಳ ಮನೆ ಅಲ್ಲಿಗೆ ಹತ್ತಿರ. ಫೈನಲ್ ನೋಡಿಕೊಂಡು ಅಮ್ಮನ ಕಾರಿನಲ್ಲಿ ಹೋಗುವುದೆಂದು ಉಳಿದಳು. ಮಿಸ್ ರೋಂಡಾ ಐಸ್‌ಪೆಟ್ಟಿಗೆಯಿಂದ ಕೆಂಪುಮೆಣಸು ಬೆರೆಸಿದ ಪಿಮೆಂಟೊ ಚೀಸ್ ಸ್ಯಾಂಡ್‌ವಿಚ್ ತೆಗೆದು ಮಗಳಿಗೆ ಒಂದು, ಡಿಲೇನಿಗೆ ಎರಡು ಕೊಟ್ಟಳು. ನೀನು ಮಧ್ಯಾಹ್ನ ಮತ್ತೆ ಆಡಬೇಕಲ್ಲ, ತಿನ್ನು ಎಂದಳು. ಡಿಲೇನಿ ಒಂದು ತುಂಡು ಕಚ್ಚಿ, ಉಳಿದದ್ದನ್ನು ಕಾಗದದಲ್ಲಿ ಸುತ್ತಿಟ್ಟಳು.

“ನಾನು ಅಷ್ಟೊತ್ತೂ ನೋಡ್ತಾನೇ ಇದ್ದೆ ಕಣಮ್ಮ,” ಎಂದಳು ಮಿಸ್ ರೋಂಡಾ. “ಬೆಳಗ್ಗೆಯಿಂದ ಒಂದಾದ್ರೂ ಸಣ್ಣದಕ್ಕೆ ಇವಳನ್ನ ಕಾಡಿಸ್ಲಿಲ್ಲ ನೀನು. ಎಲ್ಲಾನೂ ಬಿಟ್ಟುಕೊಟ್ಟೆ. ಬೇರೆ ಕಾಲೇಜಿಗೆ ಹೋದೋಳು ಅಂತ ಮನಸಲ್ಲಿ ಇಟ್ಕೊಳ್ದೆ. ನಿಮ್ಮಮ್ಮ ಒಳ್ಳೆ ಹುಡುಗೀನ ಬೆಳೆಸಿದಾರೆ.”

“ಅಯ್ಯೋ, ಹಾಗೇನಿಲ್ಲ ಮಿಸ್ ರೋಂಡಾ,” ಎಂದಳು ಡಿಲೇನಿ. ಅದು ಅವಳು ಆವತ್ತು ಆಡಿದ ಅಪ್ಪಟ ನಿಜ. ವಿನಯವೆಂದು ತಿಳಿದು ಮಿಸ್ ರೋಂಡಾ ಅವಳ ಕೆನ್ನೆ ತಟ್ಟಿದಳು.

ಕೊನೆಯದನ್ನೂ ಬಿಟ್ಟುಕೊಡಬಹುದಿತ್ತು ನೋಡು ಎಂದು ತಾಯಿ ನಗುತ್ತ ಅಂದಾಗ ಟೇಟಮ್‌ಗೆ ರೇಗಿತು.

“ಸುಮ್ನಿರಮ್ಮ. ಇವಳ ಜಾಗದಲ್ಲಿ ಯಾರಿದ್ರೂ ಹಾಗೇ ಮಾಡ್ತಿದ್ರು. ಕೊನೇ ಗ್ರೀನಲ್ಲಿ ಯಾರಾದ್ರೂ ಬಿಟ್ಟುಕೊಡ್ತಾರಾ? ನಾನೂ ಕೊಡ್ತಿರ್ಲಿಲ್ಲ.”

ತಾಯಿ ಐಸ್ ತರಲು ಎದ್ದುಹೋದ ಮೇಲೆ ಟೇಟಮ್ ಸ್ಯಾಂಡ್‌ವಿಚ್ಚಿನ ಅಂಚು ಕಿತ್ತು ಇರುವೆಗಳಿಗೆ ಹಾಕುತ್ತ ಕೂತಳು. ಒಂದು ವರ್ಷದಿಂದ ಅದು ಬಂದೇ ಇರಲಿಲ್ಲ ಎಂದು ಹೇಳಿದಳು. ಹೋಯಿತೆಂದೇ ತಿಳಿದಿದ್ದಳಂತೆ. ಇವತ್ತು ಚೆಂಡಿನ ಮುಂದೆ ನಿಂತಾಗ, ಹಳೆಯ ಮನೆಗೆ ಯಾರೋ ಬೀಗ ತೆಗೆದು ಒಳಗೆ ಬಂದ ಹಾಗೆ ನೆಟ್ಟಗೆ ಬಂದುಬಿಟ್ಟಿತಂತೆ. ನಾಳೆಯೂ ಬರುತ್ತದೆ, ನಾಡಿದ್ದೂ ಬರುತ್ತದೆ, ಅದು ಹಾಗೆಯೇ ಅಲ್ಲವಾ ಎಂದಳು. ಡಿಲೇನಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಮತ್ತೆ ತೆಗೆದಳು. ಈಗ ಹೇಳಿಬಿಡಬೇಕು ಎಂದುಕೊಂಡಳು. ಬಾಯಿ ತೆರೆದಳು ಕೂಡ. ಆದರೆ ಕೋಚ್ ದೂರದಿಂದ ಕೂಗಿ ಕರೆದರು, ಮತ್ತು ಕರೆದದ್ದಕ್ಕೆ ಅವಳಿಗೆ ಖುಷಿಯಾಯಿತು. ಆ ಖುಷಿಗೂ ಸೇರಿಸಿ ನಾಚಿಕೆಪಟ್ಟುಕೊಂಡಳು.

ಫೈನಲ್ ಡನ್‌ಹೇವನ್ ಎದುರಿಗೆ, ಕಂದುಕೆಂಪು ಅಂಗಿಯವರು. ಡಿಲೇನಿಗೆ ಜೋಡಿಯಾದವಳು ಎಬ್ಬಾ ನೂರ್ಡ್‌ಲುಂಡ್ ಎಂಬ ಸ್ವೀಡನ್ನಿನ ಹುಡುಗಿ, ಮೊದಲ ವರ್ಷದವಳು. ಬಿಸಿಲಿಗೆ ಅವಳ ಕಿವಿಗಳು ಕೆಂಪಾಗಿದ್ದವು. ಹೆಚ್ಚು ಮಾತಿಲ್ಲ, ಹೊಡೆಯುವುದು, ನಡೆಯುವುದು, ಹೊಡೆಯುವುದು. ಡಿಲೇನಿಗೂ ಅದೇ ಬೇಕಿತ್ತು. ಅವಳ ಆಟ ಮಾತ್ರ ಎಂದೂ ಇಲ್ಲದಷ್ಟು ಚೆನ್ನಾಗಿ ನಡೆಯಿತು. ಮನಸ್ಸು ಬೇರೆಲ್ಲೋ ಇದ್ದದ್ದರಿಂದ ಕೈಗೆ ಅಡ್ಡಿ ಮಾಡುವವರು ಯಾರೂ ಇರಲಿಲ್ಲ. ಅನ್ಯಾಯವೆಂದರೆ ಇದು ಎಂದು ಅವಳಿಗೇ ಅನ್ನಿಸಿತು. ತಪ್ಪು ಮಾಡಿದವಳ ಚೆಂಡು ಕಾಡಿಗೆ ಹೋಗಬೇಕು. ಅದು ಗ್ರೀನಿನ ನಡುಮಧ್ಯಕ್ಕೆ ಹೋಗಿ ಬೀಳುತ್ತಿತ್ತು.

ಸಣ್ಣ ಪಟ್‌ಗಳ ವಿಷಯದಲ್ಲಿ ಅವಳು ಎಬ್ಬಾಗೆ ಒಂದನ್ನೂ ಬಿಟ್ಟುಕೊಡಲಿಲ್ಲ. ಕೊಡುವ ಮಾತು ಬಾಯಿಗೆ ಬಂದರೆ ಮೈ ಮುಳ್ಳೆನ್ನುತ್ತಿತ್ತು. ಎಬ್ಬಾ ಎಲ್ಲವನ್ನೂ ತಾನೇ ಹಾಕಿದಳು, ಎಲ್ಲವೂ ಹೋದವು. ಟೇಟಮ್ ನೋಡುವವರಿಗೆ ಕಟ್ಟಿದ ಹಗ್ಗದಾಚೆ ಅಮ್ಮನ ಮಡಚುಕುರ್ಚಿಯನ್ನು ಹೆಗಲಿಗೆ ಹಾಕಿಕೊಂಡು ಜೊತೆಜೊತೆಗೇ ನಡೆದಳು. ಚೆನ್ನಾಗಿ ಹೊಡೆದಾಗ ಹೆಬ್ಬೆರಳೆತ್ತಿ ತೋರಿಸಿದಳು. ಡಿಲೇನಿ ಪ್ರತಿ ಸಲವೂ ನಕ್ಕಳು. ನಕ್ಕು ನಕ್ಕು ದವಡೆ ನೋಯುತ್ತಿತ್ತು.

ಮತ್ತೆ ಅದೇ ಕಥೆಯಾಯಿತು. ಇಬ್ಬರು ಗೆದ್ದು ಇಬ್ಬರು ಸೋತರು. ಮಾರಿಸೋಲ್ ತನ್ನ ಕೊನೆಯ ಆಟ ಗೆದ್ದು, ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ ಕೊನೆಯ ಗ್ರೀನಿನ ಹತ್ತಿರ ಬಂದು ನಿಂತಳು. ಉಳಿದಿದ್ದವಳು ಡಿಲೇನಿ ಒಬ್ಬಳೇ, ಮತ್ತು ಡಿಲೇನಿ ಒಂದು ಹೋಲ್ ಮುಂದಿದ್ದಳು. ಕೊನೆಯ ಹೋಲನ್ನು ಸಮ ಮಾಡಿಕೊಂಡರೆ ಸಾಕು, ಕಪ್ ಆಶ್‌ಮೂರ್‌ಗೆ.

ಕೊನೆಯ ಹೋಲಿನಲ್ಲಿ ಡಿಲೇನಿ ಐದು ಹೊಡೆತದಲ್ಲಿ ಮುಗಿಸಿದಳು. ಎಬ್ಬಾ ನಾಲ್ಕನೆಯದಕ್ಕೆ ನಿಂತಿದ್ದಳು. ಅವಳ ಚೆಂಡು ಕುಳಿಯ ಆಚೆ, ಎರಡೂವರೆ ಅಡಿ. ಹಾಕಿದರೆ ಈ ಹೋಲ್ ಅವಳದು, ಇಬ್ಬರೂ ಸಮ, ಇನ್ನೊಂದು ಹೋಲ್ ಆಡಬೇಕು. ತಪ್ಪಿದರೆ ಅಲ್ಲಿಗೆ ಮುಗಿಯಿತು.

ಎಬ್ಬಾ ಚೆಂಡಿನ ಮುಂದೆ ನಿಂತಳು. ನಿಂತವಳು ಹಿಂದೆ ಸರಿದಳು. ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಮತ್ತೆ ನಿಂತಳು. ಅವಳ ಪಟ್ ಹೊಡೆಯುವ ಕೋಲಿನ ತುದಿ ಚೆಂಡಿನ ಹಿಂದೆ ಸಣ್ಣಗೆ ಅಲುಗುತ್ತಿತ್ತು. ದಿನವಿಡೀ ಕಲ್ಲಿನಂತೆ ಇದ್ದ ಹುಡುಗಿ ಈಗ ನಡುಗುತ್ತಿದ್ದಳು. ಡಿಲೇನಿಗೆ ಕಂಡದ್ದು ಕಂದುಕೆಂಪು ಅಂಗಿಯಲ್ಲ. ಇನ್ನೊಮ್ಮೆ ನೋಡಲಾರೆ ಎನ್ನಿಸಿತು. ಇನ್ನೊಮ್ಮೆ ಟವೆಲಿನಿಂದ ಚೆಂಡು ಒರೆಸುತ್ತ ಆ ಶಬ್ದಕ್ಕೆ ಕಾಯಲಾರೆ. ಇದೊಂದನ್ನು ಕೊಟ್ಟುಬಿಟ್ಟರೆ, ಈ ಸಲ ಲೆಕ್ಕವಿಲ್ಲದೆ, ನಿಜಕ್ಕೂ ಕೊಟ್ಟುಬಿಟ್ಟರೆ, ಬೆಳಗಿನದು ಎಲ್ಲೋ ಒಂದಿಷ್ಟಾದರೂ ತೊಳೆದುಹೋಗಬಹುದು. ಇನ್ನೊಂದು ಹೋಲ್ ತಾನೇ, ಗೆದ್ದುಕೊಂಡರಾಯಿತು. ಯೋಚನೆ ಇಷ್ಟು ಉದ್ದವಾಗಿಯೂ ಬರಲಿಲ್ಲ. ಬಾಯಿಂದ ಮಾತು ಬಂದೇಬಿಟ್ಟಿತು.

“ಆಯ್ತು, ತಗೋ.”

ಯಾರಿಗೂ ಅರ್ಥವಾಗಲಿಲ್ಲ. ಎಬ್ಬಾ ತಲೆಯೆತ್ತಿ ತನ್ನ ಕೋಚ್ ಕಡೆ ನೋಡಿದಳು. ರೆಫರಿ ಹತ್ತಿರ ಬಂದು, ಬಿಟ್ಟುಕೊಟ್ಟೆಯಾ ಎಂದು ಸ್ಪಷ್ಟವಾಗಿ ಕೇಳಿದ. ಡಿಲೇನಿ ಹೌದು ಎಂದಳು. ಎಬ್ಬಾ ಚೆಂಡನ್ನು ಎತ್ತಿಕೊಂಡಳು, ಯಾರಾದರೂ ಕಿತ್ತುಕೊಂಡಾರು ಎನ್ನುವ ಹಾಗೆ ಬೇಗನೆ. ಹುಲ್ಲಿನ ಮೇಲೆ ಕೂತಿದ್ದ ಹಸಿರು ಅಂಗಿಗಳಲ್ಲಿ ಒಬ್ಬಳು ಎದ್ದುನಿಂತಳು. ಕೋಚ್ ಸ್ಟಿಗಾಲ್ ಬಾಯಿಗೆ ಹಾಕಿಕೊಳ್ಳಲು ಸುಲಿದಿದ್ದ ಬೇಯಿಸಿದ ಶೇಂಗಾ ಬೆರಳುಗಳ ನಡುವೆಯೇ ಉಳಿಯಿತು.

ಹೆಚ್ಚುವರಿ ಹೋಲಿಗೆ ಮತ್ತೆ ಮೊದಲನೆಯ ಟೀಗೆ ಹೋದರು. ಡಿಲೇನಿಯ ಎರಡನೆಯ ಹೊಡೆತ ಬಲಕ್ಕೆ ಸರಿದು ಪೈನ್ ಮರಗಳೊಳಗೆ ಹೋಯಿತು. ಅಲ್ಲಿಂದ ಹೊರಗೆ ತರಲು ಒಂದು ಹೊಡೆತ, ಗ್ರೀನಿಗೆ ಇನ್ನೊಂದು. ಎಬ್ಬಾ ಎರಡು ಪಟ್‌ನಲ್ಲಿ ನೆಮ್ಮದಿಯಾಗಿ ಮುಗಿಸಿದಳು, ಕಪ್ ಅವರದಾಯಿತು. ಕಂದುಕೆಂಪು ಹುಡುಗಿಯರು ನೀರಿನ ಬಾಟಲಿಗಳನ್ನು ಹಿಡಿದು ಓಡಿಬಂದು ಅವಳ ತಲೆಯ ಮೇಲೆ ಸುರಿದರು.

ಕೋಚ್ ಬೈಯಲಿಲ್ಲ. ಯಾಕೆ ಎಂದಷ್ಟೇ ಕೇಳಿದರು. ಅದು ಹೋಗಿಯೇ ಹೋಗುತ್ತಿತ್ತು ಕೋಚ್ ಎಂದಳು ಡಿಲೇನಿ. “ಹೋಗ್ತಿತ್ತೇನೋ. ಅದನ್ನ ಅವಳು ತೋರಿಸ್ಬೇಕಿತ್ತು, ನೀನಲ್ಲ,” ಎಂದು ಹೇಳಿ, ಅವಳ ಹೆಗಲು ಒಮ್ಮೆ ಹಿಡಿದು ಬಿಟ್ಟು, ಡನ್‌ಹೇವನ್ ಕೋಚ್‌ಗೆ ಕೈಕುಲುಕಲು ಹೊರಟರು. ಉಳಿದ ಹುಡುಗಿಯರು ಬಂದು ಒಬ್ಬೊಬ್ಬರಾಗಿ ಅಪ್ಪಿಕೊಂಡರು, ಪರವಾಗಿಲ್ಲ ಎಂದರು, ದನಿಯಲ್ಲಿ ಪರವಾಗಿಲ್ಲ ಎನ್ನುವುದು ಇರಲಿಲ್ಲ.

ಮಾರಿಸೋಲ್ ಅಪ್ಪಿಕೊಳ್ಳಲಿಲ್ಲ. ಬೂಟುಗಳನ್ನು ಕೈಯಲ್ಲಿ ಹಿಡಿದೇ ಎದುರಿಗೆ ಬಂದು ನಿಂತಳು. ಅವಳ ಅಪ್ಪ ಅಮ್ಮ ಲರೇಡೊದಿಂದ ಎರಡು ದಿನ ಕಾರು ಓಡಿಸಿಕೊಂಡು ಬಂದು ಮರದ ಕೆಳಗೆ ನಿಂತಿದ್ದರು.

“ದಾನ ಮಾಡೋದಾದ್ರೆ ನಿಂದನ್ನ ಮಾಡ್ಬೇಕು ಡಿಲೇನಿ. ಅದು ನಿಂದೊಬ್ಬಳದಾಗಿರ್ಲಿಲ್ಲ.”

ಡಿಲೇನಿಗೆ ಗೊತ್ತಿತ್ತು. ಮಾತು ಬಾಯಿಂದ ಹೊರಬಿದ್ದ ಕ್ಷಣದಲ್ಲೇ ಗೊತ್ತಾಗಿತ್ತು. ಒಬ್ಬಳಿಗೆ ಮಾಡಿದ್ದನ್ನು ತೊಳೆದುಕೊಳ್ಳಲು ಹೋಗಿ ನಾಲ್ವರ ಕೈಯಿಂದ ಕಿತ್ತುಕೊಂಡಿದ್ದಳು. ಆದರೂ, ನಾಚಿಕೆಗೇಡು ಎಂದು ಗೊತ್ತಿದ್ದರೂ, ಒಳಗೆಲ್ಲೋ ಒಂದು ಮೂಲೆ ಹಗುರವಾಗಿತ್ತು. ಟೇಟಮ್ ನೋಡಿದ್ದಾಳೆ. ಬೇರೆ ಯಾರಿಗೂ ತಿಳಿಯದಿದ್ದರೂ ಅವಳಿಗಾದರೂ ತಿಳಿಯುತ್ತದೆ. ಡಿಲೇನಿ ಅವಳಿಗಾಗಿ ಹಗ್ಗದ ಕಡೆ ನೋಡಿದಳು.

ಟೇಟಮ್ ನಿಧಾನವಾಗಿ ಬಂದಳು. ಕುರ್ಚಿಯನ್ನು ಹೆಗಲಿನಿಂದ ಇಳಿಸಿ ನೆಲಕ್ಕೆ ಊರಿದಳು. ಅಪ್ಪಿಕೊಳ್ಳುತ್ತಾಳೆ ಎಂದು ಡಿಲೇನಿ ಒಂದು ಹೆಜ್ಜೆ ಮುಂದಿಟ್ಟಳು.

“ಎಷ್ಟಿತ್ತು ಅದು?” ಎಂದಳು ಟೇಟಮ್.

“ಎರಡೂವರೆ ಅಡಿ.”

“ನಂದೂ ಅಷ್ಟೇ ಇತ್ತು.”

ಮುಂದಿಟ್ಟ ಹೆಜ್ಜೆಯನ್ನು ಡಿಲೇನಿ ಹಿಂದಕ್ಕೆ ತೆಗೆದುಕೊಂಡಳು.

“ಅಮ್ಮಂಗೆ ಹೇಳ್ದೆ ನಾನು, ಕೊನೇ ಗ್ರೀನಲ್ಲಿ ಯಾರೂ ಬಿಟ್ಟುಕೊಡಲ್ಲ ಅಂತ. ನೀನು ಕೊಟ್ಟೆ. ಮಧ್ಯಾಹ್ನ ಪೂರ್ತಿ ಅವಳಿಗೆ ಒಂದೂ ಕೊಡ್ದೆ, ಕೊನೇದು ಕೊಟ್ಟೆ.” ಟೇಟಮ್ ಮಾತಾಡುತ್ತ ಮಾತಾಡುತ್ತಲೇ ಲೆಕ್ಕ ಕೂಡಿಸುತ್ತಿದ್ದಳು, ಅದು ಅವಳ ಮುಖದ ಮೇಲೆ ಕಾಣುತ್ತಿತ್ತು. “ನನಗೆ ಬೆಳಗ್ಗೆ ಎಲ್ಲಾ ಕೊಟ್ಟೆ. ಮೂರಡಿದೂ ಕೊಟ್ಟೆ. ಕೊನೇದು ಮಾತ್ರ ಹಾಕಿಸ್ದೆ.”

“ಟೇಟಮ್, ಕೇಳಿಲ್ಲಿ. ಮೊದಮೊದಲು ನಾನು ನಿಜವಾಗ್ಲೂ...”

“ಮೊದಲನೇ ಸಣ್ಣದು,” ಎಂದಳು ಟೇಟಮ್. “ನಿನಗೆ ಬಿಟ್ಟು ಯಾರಿಗೂ ಹೇಳಿರ್ಲಿಲ್ಲ ಕಣೇ ಅದನ್ನ.”

ಎಬ್ಬಾಗೆ ಕೊಡದಿದ್ದರೆ ಟೇಟಮ್‌ಗೆ ಎಂದೂ ತಿಳಿಯುತ್ತಿರಲಿಲ್ಲ. ಸೋತೆ, ಅದು ಆಟ ಎಂದುಕೊಂಡು ಮನೆಗೆ ಹೋಗಿರುತ್ತಿದ್ದಳು. ಡಿಲೇನಿ ತನ್ನ ನೆಮ್ಮದಿಗೆ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ, ಗೆಳತಿಗೆ ಉಳಿದಿದ್ದ ಆ ಸಮಾಧಾನವನ್ನೂ ಕಿತ್ತುಕೊಂಡಿತ್ತು. ಕ್ಷಮಿಸು ಎನ್ನಬೇಕೆಂದರೆ ಯಾವುದಕ್ಕೆ ಎಂದು ಹೇಳಬೇಕೋ ಗೊತ್ತಾಗಲಿಲ್ಲ.

ಮಿಸ್ ರೋಂಡಾ ಐಸ್‌ಪೆಟ್ಟಿಗೆಯನ್ನು ಎಳೆದುಕೊಂಡು ಹುಲ್ಲಿನ ಮೇಲೆ ಬರುತ್ತಿದ್ದಳು. ಅವಳನ್ನು ಕಂಡು ಟೇಟಮ್ ದನಿ ತಗ್ಗಿಸಿದಳು.

“ಅಮ್ಮಂಗೆ ಹೇಳ್ಬೇಡ. ಅವಳಿಗೆ ನೀನಂದ್ರೆ ತುಂಬ ಇಷ್ಟ.”

ಮಿಸ್ ರೋಂಡಾ ಬಂದವಳೇ ಪೆಟ್ಟಿಗೆ ಬಿಟ್ಟು ಡಿಲೇನಿಯನ್ನು ಎರಡೂ ಕೈಯಿಂದ ಬಾಚಿ ತಬ್ಬಿಕೊಂಡಳು. ಸೋತರೆ ಸೋಲಲಿ, ಇಂಥ ಮನಸ್ಸು ಯಾರಿಗಿದೆ ಹೇಳು ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಡಿಲೇನಿ ಅವಳ ಹೆಗಲ ಮೇಲಿಂದ ಟೇಟಮ್‌ಳ ಮುಖವನ್ನು ನೋಡುತ್ತ ನಿಂತಳು, ಕೈಗಳನ್ನು ಎತ್ತಲೂ ಆಗದೆ.

“ಈ ಹುಡುಗಿ ಯಾವಾಗ್ಲೂ ಹೀಗೇನಾ?” ಎಂದು ಮಿಸ್ ರೋಂಡಾ ಮಗಳನ್ನು ಕೇಳಿದಳು. “ಯಾರನ್ನೂ ಸಣ್ಣದಕ್ಕೆ ಕಾಡಿಸೋದೇ ಇಲ್ವಾ?”

“ಇಲ್ಲಮ್ಮ,” ಎಂದಳು ಟೇಟಮ್. “ಕಾಡಿಸಲ್ಲ ಅವಳು.” ಹಾಗೆಂದು ಹೇಳಿ, ಕುರ್ಚಿಯನ್ನು ಎತ್ತಿಕೊಂಡು ಕಾರಿನ ಕಡೆ ಹೊರಟಳು.